ಮುಂದಿನ ಆಕ್ಸಲ್‌ನಲ್ಲಿ ಕಟಕಟ ಸದ್ದು: ಬೇರಿಂಗಾ, ಜಾಯಿಂಟಾ, ಇನ್ನೇನಾದ್ರೂ ಇದೆಯಾ?

ಪ್ರಶ್ನೆ: ನಮ್ಮದು ಫೋರ್ ವೀಲ್ ಡ್ರೈವ್ ಪಿಕಪ್. ಪಾಂಡವಪುರದ ಹತ್ತಿರ ಕಬ್ಬಿನ ಗದ್ದೆಗೆ ಓಡಿಸುತ್ತೇವೆ. ಕೆಸರಿನಲ್ಲಿ ಸದ್ದಿಲ್ಲ. ಟಾರ್ ರಸ್ತೆಗೆ ಹತ್ತಿಸಿ ತಿರುಗಿಸಿದರೆ ಮುಂದುಗಡೆ ಕಟ್ ಕಟ್ ಅನ್ನುತ್ತದೆ. ಒಂದು ಗ್ಯಾರೇಜಿನಲ್ಲಿ ವೀಲ್ ಬೇರಿಂಗ್ ಹೊಸದು ಹಾಕಿದರು. ಸದ್ದು ಹಾಗೇ ಇದೆ. ಇನ್ನೇನು ಬದಲಾಯಿಸಬೇಕು?

ಉತ್ತರ: ಸದ್ಯಕ್ಕೆ ಏನನ್ನೂ ಬದಲಾಯಿಸಬೇಡಿ. ಕೆಸರಿನಲ್ಲಿಲ್ಲದ ಸದ್ದು ಟಾರಿನಲ್ಲಿ ಬರುತ್ತದೆ ಅಂದಿರಲ್ಲ, ದೊಡ್ಡ ಸುಳಿವೇ ಅದು. ಸದ್ದು ಬಂದಾಗ ಲಿವರ್ ಇನ್ನೂ 4ಎಚ್‌ನಲ್ಲೇ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸ್ಥಾನ) ಇರುತ್ತದಾ, ನೋಡಿಕೊಳ್ಳಿ.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ, ಜಾಸ್ತಿ ಉರುಳಬೇಕು. ಆದರೆ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಹಾಕುವ) ಫೋರ್ ವೀಲ್ ಗಾಡಿಗಳಲ್ಲಿ 4ಎಚ್‌ಗೆ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ) ಆಕ್ಸಲ್‌ಗಳಿಗೆ ಶಕ್ತಿ ಒಯ್ಯುವ ಹಿಂದಿನ, ಮುಂದಿನ ಪ್ರೊಪೆಲ್ಲರ್ ಶಾಫ್ಟುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಕೆಸರಿನಲ್ಲಿ ಟೈರ್ ಜಾರುವುದರಿಂದ ಆ ವ್ಯತ್ಯಾಸ ಗೊತ್ತೇ ಆಗಲ್ಲ. ಒಣ ಟಾರಿನಲ್ಲಿ ಟೈರ್ ಸುಲಭಕ್ಕೆ ಜಾರಲ್ಲ. ಶಾಫ್ಟು, ಗೇರು ಎಲ್ಲ ಬಿಗಿದುಕೊಳ್ಳುತ್ತವೆ. ಸ್ಟೇರಿಂಗ್ ಭಾರವಾಗುತ್ತದೆ. ಬಿಗಿತ ತಡೆಯಲಾರದೆ ಟೈರ್ ಒಮ್ಮೆಲೇ ಜಾರಿದಾಗ 'ಕಟ್' ಅನ್ನುತ್ತದೆ. ಯಾವ ಪಾರ್ಟೂ ಕೆಟ್ಟಿರಲ್ಲ. ಹೀಗೇ ಓಡಿಸುತ್ತಿದ್ದರೆ ಮಾತ್ರ ಕೆಡುತ್ತದೆ.

ಲಿವರ್ 2ಎಚ್‌ಗೆ (ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಸ್ಥಾನ) ಎಳೆದರೂ ಆ ಬಿಗಿತದಿಂದಾಗಿ ಒಳಗೆ ಗೇರ್ ಬಿಡದೇ ಇರಬಹುದು. ಆಗ ಸ್ಟೇರಿಂಗ್ ನೇರ ಇಟ್ಟುಕೊಂಡು ಸ್ವಲ್ಪ ದೂರ ರಿವರ್ಸ್ ಹೋಗಿ. ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿಸಿದ್ದೀರಾ? ಸುತ್ತಳತೆ ಬೇರೆಯಾದರೆ 4ಎಚ್‌ನಲ್ಲಿ ನೇರ ರಸ್ತೆಯಲ್ಲೂ ಹೀಗೇ ಬಿಗಿಯುತ್ತದೆ.

2ಎಚ್‌ನಲ್ಲೂ ಸದ್ದು ಬಂದರೆ ಮುಂದಕ್ಕೆ ಹುಡುಕಬೇಕು. ಮುಂದಿನ ಹಬ್‌ನಲ್ಲಿ (ಚಕ್ರದ ನಡುಭಾಗ) ಚಕ್ರವನ್ನು ಡ್ರೈವ್ ಶಾಫ್ಟಿಗೆ ಸೇರಿಸುವ, ಬಿಡಿಸುವ, ಕೈಯಿಂದ ತಿರುಗಿಸುವ ಲಾಕ್ ಇದ್ದರೆ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಎರಡೂ ಹಬ್ ಫ್ರೀ ಮಾಡಿ, 2ಎಚ್‌ನಲ್ಲಿ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ. ಆಗ ಮುಂದಿನ ಡ್ರೈವ್ ಶಾಫ್ಟು, ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳು) ತಿರುಗುವುದಿಲ್ಲ. ಆದರೂ ಸದ್ದು ಬಂದರೆ ಬೇರಿಂಗ್, ಬ್ರೇಕ್, ಸ್ಟೇರಿಂಗ್, ಸಸ್ಪೆನ್ಷನ್ ಕಡೆ ನೋಡಬೇಕು. ಆಮೇಲೆ 2ಎಚ್‌ನಲ್ಲೇ ಇಟ್ಟು ಹಬ್ ಮಾತ್ರ ಲಾಕ್ ಮಾಡಿ ಓಡಿಸಿ. ಈಗ ಚಕ್ರದ ಜೊತೆ ಶಾಫ್ಟೂ ತಿರುಗುತ್ತದೆ, ಬಿಗಿತ ಇರಲ್ಲ. ಸದ್ದು ಈಗಷ್ಟೇ ಶುರುವಾದರೆ ಕ್ರಾಸ್, ಸಿವಿ ಜಾಯಿಂಟ್ (ಎರಡೂ ಬಾಗಿದರೂ ತಿರುಗುವ ಶಾಫ್ಟಿನ ಕೀಲುಗಳು) ಅಥವಾ ಡಿಫರೆನ್ಷಿಯಲ್ ಮೇಲೆ ಅನುಮಾನ ಪಡಿ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು. ಗ್ಯಾರೇಜಿಗೆ ಹೋಗುವ ಮುಂಚೆ ದಯವಿಟ್ಟು ಮಾಡಿನೋಡಿ.

ತಿರುಗಿಸಿದಾಗ ಮಾತ್ರ ಟಕಟಕ ಬಂದು, ಆಕ್ಸಿಲರೇಟರ್ ಒತ್ತಿದಷ್ಟೂ ಜೋರಾದರೆ ಹೆಚ್ಚಾಗಿ ಹೊರಗಿನ ಸಿವಿ ಜಾಯಿಂಟ್. ಚಕ್ರದ ಹಿಂದೆ ಬಗ್ಗಿ ನೋಡಿ. ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಚಿಮ್ಮಿರುತ್ತದೆ. ಕ್ರಾಸ್ ಇರುವ ಗಾಡಿಯಲ್ಲಿ ನಿಧಾನಕ್ಕೆ ಹೋಗುವಾಗ ಚೀಂವ್ ಚೀಂವ್ ಅಂದರೆ ಒಳಗೆ ಗ್ರೀಸ್ ಒಣಗಿದೆ ಅಂತ. ಕ್ರಾಸ್‌ನ ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಗ್ರೀಸ್ ಹೊಡೆದು ಪ್ರಯೋಜನವಿಲ್ಲ, ಬದಲಾಯಿಸಿ.

ವೀಲ್ ಬೇರಿಂಗ್ ಸವೆದರೆ ಸಾಮಾನ್ಯವಾಗಿ ಕಟ್ ಕಟ್ ಅನ್ನಲ್ಲ, ಗೊರ್ ಅನ್ನುತ್ತದೆ. ವೇಗ ಏರಿದಂತೆ ಏರುತ್ತದೆ. ಚಕ್ರ ಎತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ) ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಪ್ಲೇ ಹೋದರೆ ಬೇರಿಂಗ್. ಉಳಿದರೆ ಚಕ್ರ ಸ್ಟೇರಿಂಗಿಗೆ ತಿರುಗುವ ಕೀಲು, ಅಂದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್. ಈ ಕೆಲಸ ಸಮತಟ್ಟು ಜಾಗದಲ್ಲೇ ಮಾಡಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಜೊತೆ ಸ್ಟ್ಯಾಂಡೂ ಇಡಿ. ಒಂದು ಚಕ್ರ ಎತ್ತಿ, ಇಂಜಿನ್ ಚಾಲೂ ಮಾಡಿ ಗೇರಿಗೆ ಹಾಕುವ ಸಾಹಸ ಖಂಡಿತ ಬೇಡ. ಫೋರ್ ವೀಲ್‌ನಲ್ಲಿ ನೆಲದ ಮೇಲಿನ ಚಕ್ರ ಎಳೆದು ಗಾಡಿ ಜಾಕಿನಿಂದ ಹಾರಬಹುದು. ಜೀವಕ್ಕೇ ಅಪಾಯ.

ನೇರ ಓಡುವಾಗಲೂ ಕೂಗುವ ಸದ್ದು ಬಂದು, ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೇಳಿದರೆ ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್‌ನ ಮುಖ್ಯ ಗೇರು ಜೋಡಿ) ಅಥವಾ ಅದರ ಬೇರಿಂಗ್ ಇರಬಹುದು. ಬಿಚ್ಚಿಸುವ ಮುಂಚೆ ಡಿಫರೆನ್ಷಿಯಲ್ ಆಯಿಲ್ ನೋಡಿ. ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಓಡಿ ಬಿಸಿಯಾದ ಆಕ್ಸಲ್ ನಾಲೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ (ಆಕ್ಸಲ್ ಒಳಗೆ ಗಾಳಿ ಆಡುವ ಸಣ್ಣ ರಂಧ್ರ) ಕಟ್ಟಿಕೊಂಡಿದ್ದರೆ ಆಯಿಲ್ ಸೀಲ್ ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಮಾತ್ರ ಬದಲಾಯಿಸಿದರೆ ಮುಂದಿನ ಗದ್ದೆಗೆ ಮತ್ತೆ ಅದೇ ಕಥೆ. ಸೀಲ್ ನೋಡಿಸಿ, ಬ್ರೀದರ್ ಕ್ಲೀನ್ ಮಾಡಿಸಿ, ಅದಕ್ಕೆ ಪೈಪ್ ಹಾಕಿಸಿ ಬಾಯಿ ಬಾನೆಟ್ ಎತ್ತರಕ್ಕೆ ಬರುವಂತೆ ಕಟ್ಟಿಸಿ.