ಸರ್ಫ್ ಗಿಟಾರಿನ ಆ ಒದ್ದೆ ಸದ್ದು ಎರಡು ಸ್ಪ್ರಿಂಗಿನಲ್ಲಿದೆ, ದುಡ್ಡು ಮೊದಲು ಅಲ್ಲಿಗೆ ಹಾಕಿ

ಸರ್ಫ್ ಮ್ಯೂಸಿಕ್ ನುಡಿಸ್ಬೇಕು ಅಂತ ಆಸೆ ಹತ್ತಿಸ್ಕೊಂಡು ಬರೋರು ನನ್ನ ಹತ್ರ ಕೇಳೋ ಮೊದಲ ಪ್ರಶ್ನೆ ಯಾವ ಗಿಟಾರ್ ತಗೊಳ್ಳಲಿ ಅಂತ, ನಾನು ಪ್ರತಿ ಸಲ ಹೇಳೋದೂ ಒಂದೇ: ಗಿಟಾರ್ ಆಮೇಲೆ ನೋಡೋಣ, ಮೊದಲು ರಿವರ್ಬ್‌ಗೆ, ಅಂದ್ರೆ ಸದ್ದಿಗೆ ಗುಂಗು ಸೇರಿಸೋ ಉಪಕರಣಕ್ಕೆ ಅಂತ ದುಡ್ಡು ಎತ್ತಿಡಿ. ಮನೇಲಿ ಆಗ್ಲೇ ಒಂದು ಎಲೆಕ್ಟ್ರಿಕ್ ಗಿಟಾರ್ ಇದ್ರೆ ಅದೇ ಸಾಕು. ಇದನ್ನ ಬರೀ ಅಭಿಪ್ರಾಯ ಅಂತ ಹೇಳ್ತಿಲ್ಲ, ಇದರ ಹಿಂದೆ ಭೌತಶಾಸ್ತ್ರ ಇದೆ, ಅದು ಒಂದು ಸಲ ತಲೆಗೆ ಹೋದ್ರೆ ಅಂಗಡಿಯಲ್ಲಿ ಯಾವುದು ತಗೋಬೇಕು ಯಾವುದು ಬೇಡ ಅಂತ ನಿಮಗೇ ಗೊತ್ತಾಗತ್ತೆ.

ಹೊಸಬರಿಗೆ ಎರಡು ಮಾತು. ಸರ್ಫ್ ಮ್ಯೂಸಿಕ್ ಹುಟ್ಟಿದ್ದು 1960ರ ಆಸುಪಾಸಿನಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ಸಮುದ್ರ ದಂಡೆ ಊರುಗಳಲ್ಲಿ. ಬಹುಪಾಲು ಹಾಡೇ ಇರಲ್ಲ, ಗಿಟಾರೇ ಹಾಡೋದು. ಬಾಲ್ಬೋವಾ ಅನ್ನೋ ಜಾಗದ ರಾಂಡೆವೂ ಬಾಲ್‌ರೂಮಿನಲ್ಲಿ ಡಿಕ್ ಡೇಲ್ ಅನ್ನೋ ಗಿಟಾರಿಸ್ಟ್ ನುಡಿಸ್ತಿದ್ದಾಗ ಕುಣಿಯೋಕೆ ಬರ್ತಿದ್ದ ಹುಡುಗರಲ್ಲಿ ಎಷ್ಟೋ ಜನ ಹಗಲೆಲ್ಲ ಅಲೆ ಮೇಲೆ ಹಲಗೆ ಓಡಿಸಿ ಬಂದೋರು. ಆ ಸಂಗೀತದ ಗುರುತೇ ಒಂದು ಒದ್ದೆ ಸದ್ದು, ತಂತಿ ಮೀಟಿದ ತಕ್ಷಣ ತುಂಬಿದ ಕೊಳಗಕ್ಕೆ ನಲ್ಲಿಯಿಂದ ಹನಿ ಬಿದ್ದ ಹಾಗೆ ಒಂದು 'ಟಳಕ್' ಕೇಳ್ಸತ್ತಲ್ಲ, ಅದು. ನುಡಿಸೋರ ಬಾಯಲ್ಲಿ ಇದಕ್ಕೆ ಡ್ರಿಪ್ ಅಂತ ಹೆಸರು.

ಈ ಹನಿ ಎಲ್ಲಿಂದ ಬರತ್ತೆ ಅಂತ ನೋಡ್ಬೇಕಂದ್ರೆ ರಿವರ್ಬ್ ಟ್ಯಾಂಕ್ ಒಂದನ್ನ ಮೇಜಿನ ಮೇಲೆ ತೆರೆದ ಬಾಯಿ ಮೇಲೆ ಮಾಡಿ ಇಡ್ಬೇಕು. ಸುಮಾರು 17 ಇಂಚು ಉದ್ದದ ತಗಡಿನ ಟ್ರೇ. ಒಳಗೆ ಇನ್ನೊಂದು ತಗಡಿನ ಚೌಕಟ್ಟನ್ನ ನಾಲ್ಕು ಮೂಲೆಯಲ್ಲಿ ಪುಟ್ಟ ಸ್ಪ್ರಿಂಗ್ ಹಾಕಿ ತೊಟ್ಟಿಲ ಹಾಗೆ ತೂಗು ಬಿಟ್ಟಿರ್ತಾರೆ, ಹೊರಗಿನ ಅಲುಗಾಟ ತಾಗ್ಬಾರ್ದು ಅಂತ. ಆ ತೊಟ್ಟಿಲಿನ ಉದ್ದಕ್ಕೆ ಎರಡು ಸಾಲು ಸಣ್ಣ ಸ್ಪ್ರಿಂಗ್, ಬಾಲ್ ಪೆನ್ನಿನೊಳಗಿನ ಸ್ಪ್ರಿಂಗಿಗಿಂತ ನವಿರು. ಎರಡೂ ತುದೀಲಿ ಅಕ್ಕಿಕಾಳಿನಷ್ಟು ಮ್ಯಾಗ್ನೆಟ್, ಅದರ ಪಕ್ಕ ತಂತಿ ಸುತ್ತಿದ ಕಾಯಿಲ್. ಗಿಟಾರಿನ ಸಿಗ್ನಲ್ ಒಂದು ತುದಿಯ ಕಾಯಿಲ್‌ಗೆ ಬಂದ್ರೆ ಮ್ಯಾಗ್ನೆಟ್ ಒಂಚೂರು ಆಕಡೆ ಈಕಡೆ ತಿರುಚ್ಕೊಳ್ಳತ್ತೆ, ಆ ತಿರುಚು ಅಲೆಯಾಗಿ ಸ್ಪ್ರಿಂಗಲ್ಲಿ ಓಡಿ ಆಚೆ ತುದಿಯ ಮ್ಯಾಗ್ನೆಟ್ ಅಲ್ಲಾಡಿಸತ್ತೆ, ಅಲ್ಲಿನ ಕಾಯಿಲ್ ಅದನ್ನ ಮತ್ತೆ ಕರೆಂಟ್ ಮಾಡತ್ತೆ. ಬಂದ ಅಲೆ ಪೂರ್ತಿ ಮುಗಿಯಲ್ಲ, ತುದಿಗೆ ಬಡಿದು ವಾಪಸ್ ಹೋಗತ್ತೆ, ಮತ್ತೆ ಬರತ್ತೆ, ಹೀಗೆ ಕ್ಷೀಣಿಸ್ತಾ ಎರಡು ಮೂರು ಸೆಕೆಂಡ್ ಓಡಾಡ್ತಿರತ್ತೆ.

ಈ ಟ್ಯಾಂಕಿಗೆ ಟೈಪ್ 4 ಅಂತಾರೆ. ಇದರ ಒಂದು ಸ್ಪ್ರಿಂಗ್ ದಾಟೋಕೆ ಅಲೆಗೆ ಸುಮಾರು 33 ಮಿಲಿಸೆಕೆಂಡ್ ಬೇಕು, ಇನ್ನೊಂದಕ್ಕೆ 41. ಗಾಳಿಯಲ್ಲಿ ಶಬ್ದ 33 ಮಿಲಿಸೆಕೆಂಡಲ್ಲಿ 11 ಮೀಟರ್ ಹೋಗತ್ತೆ, ಅಂದ್ರೆ ಒಂದು ದೊಡ್ಡ ಸಭಾಂಗಣದ ದೂರವನ್ನ ಈ ಮೊಳದುದ್ದದ ಟ್ರೇ ಒಳಗೆ ಸುತ್ತಿ ಇಟ್ಟಿದ್ದಾರೆ. ಎರಡು ಸ್ಪ್ರಿಂಗಿಗೆ ಬೇರೆ ಬೇರೆ ಸಮಯ ಯಾಕೆ ಅಂದ್ರೆ, ಒಂದೇ ಆಗಿದ್ರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಲಯ ಹಿಡಿದ ಹಾಗೆ ಟಕ್ ಟಕ್ ಅಂತಿತ್ತು, ಬೇರೆ ಇದ್ರೆ ಒಂದರ ಸಂದಿಯನ್ನ ಇನ್ನೊಂದು ತುಂಬತ್ತೆ.

ಆದ್ರೆ ಡ್ರಿಪ್‌ಗೆ ಕಾರಣ ಈ ತಡ ಒಂದೇ ಅಲ್ಲ. ಗಾಳಿಯಲ್ಲಿ ಕೆಳದನಿ ಮೇಲ್ದನಿ ಎಲ್ಲ ಒಂದೇ ವೇಗದಲ್ಲಿ ಹೋಗತ್ತೆ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದ್ರೆ ಚಪ್ಪಾಳೆಯೇ ವಾಪಸ್ ಬರತ್ತೆ, ಮತ್ತೆ ಮತ್ತೆ ಬರತ್ತೆ, ಆದ್ರೆ ಅದು ಚಪ್ಪಾಳೆ ಅಂತ ಗುರುತು ಸಿಗತ್ತೆ. ಸುರುಳಿ ಸುತ್ತಿದ ತಂತಿಯಲ್ಲಿ ಹಾಗಲ್ಲ. ಅಲ್ಲಿ ಕೆಳದನಿ ಮೊದಲು ತಲುಪತ್ತೆ, ದನಿ ಎತ್ತರ ಆದಷ್ಟೂ ತಡ, 4000 ಹರ್ಟ್ಜ್ ಹತ್ರ ಬರೋ ಹೊತ್ತಿಗೆ ತುಂಬಾನೇ ತಡ. ಒಟ್ಟಿಗೆ ಹೊರಟ ದನಿಗಳು ಸಾಲಾಗಿ ಒಂದರ ಹಿಂದೆ ಒಂದು ಬರೋದ್ರಿಂದ ಒಂದು ಚಿಕ್ಕ 'ಟಕ್' ಆಚೆ ತುದೀಲಿ ಕೆಳಗಿಂದ ಮೇಲಕ್ಕೆ ಜಾರೋ 'ಟುಯ್ಕ್' ಆಗತ್ತೆ. ಒಂದೊಂದು ಸಲ ಓಡಿ ಬಂದಾಗ್ಲೂ ಆ ಜಾರು ಇನ್ನಷ್ಟು ಎಳೆದ್ಕೊಳ್ಳತ್ತೆ. ನೀರಿನ ಹನಿ ಬಿದ್ದಾಗ್ಲೂ ನಮ್ಮ ಕಿವಿಗೆ ಹೀಗೇ ಮೇಲಕ್ಕೆ ಜಾರೋ ಪುಟ್ಟ ಸದ್ದು ಕೇಳ್ಸೋದು, ಅದಕ್ಕೇ ನಮಗೆ ಒದ್ದೆ ಅನ್ಸೋದು ಅಂತ ನನ್ನ ಅನಿಸಿಕೆ. ಭೌತಶಾಸ್ತ್ರದಲ್ಲಿ ಇದಕ್ಕೆ ಡಿಸ್ಪರ್ಷನ್ ಅಂತಾರೆ, ಪ್ರಿಸಂ ಬೆಳಕಿನ ಬಣ್ಣಗಳನ್ನ ಜಾಗದಲ್ಲಿ ಬಿಡಿಸಿದ ಹಾಗೆ ಸ್ಪ್ರಿಂಗು ದನಿಗಳನ್ನ ಕಾಲದಲ್ಲಿ ಬಿಡಿಸತ್ತೆ.

ಇದು ಗೊತ್ತಾದ್ರೆ ಖರೀದಿಯ ಅರ್ಧ ಗೊಂದಲ ಮುಗೀತು. ಪೆಡಲ್ (ಗಿಟಾರಿನ ಸದ್ದು ಬದಲಿಸೋ, ಕಾಲಲ್ಲಿ ಒತ್ತೋ ಡಬ್ಬಿ) ಮೇಲೆ 'ಹಾಲ್', 'ರೂಮ್', 'ಚರ್ಚ್' ಅಂತ ಎಷ್ಟು ಚೆಂದದ ಹೆಸರಿದ್ರೂ ಅವು ಗಾಳಿಯ ಲೆಕ್ಕ ಹಾಕೋ ರಿವರ್ಬ್‌ಗಳು, ಅವುಗಳಲ್ಲಿ ದನಿ ಬಿಡಿಸೋ ಕೆಲಸವೇ ಇಲ್ಲ, ಹಾಗಾಗಿ ನಾಬ್ ಕೊನೇವರೆಗೆ ತಿರುಗಿಸಿದ್ರೂ ಖಾಲಿ ಕಲ್ಯಾಣ ಮಂಟಪದಲ್ಲಿ ನುಡಿಸಿದ ಹಾಗಿರತ್ತೆ ಹೊರತು ಹನಿ ಬೀಳಲ್ಲ. ನಾನು ಶುರುವಿನಲ್ಲಿ ಒಂದು ಮಲ್ಟಿ ಎಫೆಕ್ಟ್ಸ್ ಡಬ್ಬಿಯ ಹಾಲ್ ಸೆಟ್ಟಿಂಗ್ ಜೊತೆ ತಿಂಗಳುಗಟ್ಟಲೆ ಗುದ್ದಾಡಿ, ನನ್ನ ಕೈಯೇ ಸರಿ ಇಲ್ಲ ಅಂತ ಬೇಜಾರು ಮಾಡ್ಕೊಂಡು ಕೂತಿದ್ದೆ. ತಪ್ಪು ಕೈಯದ್ದಾಗಿರಲಿಲ್ಲ. ಸ್ಪ್ರಿಂಗ್ ಅನ್ನೋ ಪದವನ್ನೇ ಹುಡುಕಿ, ಅದೂ ಗಿಟಾರ್ ಕಂಪನಿ ಫೆಂಡರ್‌ನ ಹಳೇ ಬಿಡಿ ರಿವರ್ಬ್ ಯೂನಿಟ್ ಥರ ಅಂತ ಹೇಳಿರೋದನ್ನ ಹುಡುಕಿ.

ಆ ಹಳೇ ಯೂನಿಟ್ ಕಥೆ ಹೇಳಲೇಬೇಕು. ಸ್ಪ್ರಿಂಗಿನ ಉಪಾಯ ಸಂಗೀತದವರದ್ದಲ್ಲ, ದೂರದ ಟೆಲಿಫೋನ್ ಲೈನಿನಲ್ಲಿ ಮಾತು ತಡ ಆಗೋದನ್ನ ಲ್ಯಾಬಿನಲ್ಲೇ ಮಾಡಿ ನೋಡೋಕೆ ಬೆಲ್ ಲ್ಯಾಬ್ಸ್‌ನೋರು ಬಳಸಿದ್ದು. ಅದನ್ನ ಆರ್ಗನ್ ಮಾಡ್ತಿದ್ದ ಲಾರೆನ್ಸ್ ಹ್ಯಾಮಂಡ್ ತಗೊಂಡ್ರು, ಯಾಕಂದ್ರೆ ಚರ್ಚಿನಲ್ಲಿ ಗುಯ್ಗುಡ್ತಿದ್ದ ಆರ್ಗನ್ ಮನೆಯ ಕಾರ್ಪೆಟ್ ಹಾಸಿದ ಕೋಣೇಲಿ ಒಣಗಿದ ಹಾಗೆ ಕೇಳ್ತಿತ್ತು. ಶುರುವಿನವು ನಾಲ್ಕು ಅಡಿ ಎತ್ತರ, ಎಣ್ಣೆಯಲ್ಲಿ ಮುಳುಗಿಸಿದ ಸ್ಪ್ರಿಂಗುಗಳು. 1960ರ ಹೊತ್ತಿಗೆ ಚಿಕ್ಕದಾದ ಟೈಪ್ 4 ಬಂತು. ಡಿಕ್ ಡೇಲ್‌ಗೆ ಇದು ಬೇಕಾಗಿದ್ದು ಗಿಟಾರಿಗಲ್ಲ, ಹಾಡುವಾಗ ತನ್ನ ಗಂಟಲಿಗೆ! 1961ರಲ್ಲಿ ಬಂದ ಅವರ ಮೊದಲ ಸರ್ಫ್ ರೆಕಾರ್ಡಿನಲ್ಲಿ ಗಿಟಾರಿಗೆ ಈ ಸ್ಪ್ರಿಂಗ್ ರಿವರ್ಬ್ ಇಲ್ಲ. ಅದೇ ವರ್ಷ ಲಿಯೋ ಫೆಂಡರ್ ಅವರ ಕಂಪನಿ 6ಜಿ15 ಅನ್ನೋ ಡಬ್ಬಿ ಹೊರಗೆ ತಂತು, ಒಳಗೆ ಹ್ಯಾಮಂಡ್ ಸ್ಪ್ರಿಂಗು, ಮುಂದೆ ಮೂರೇ ನಾಬ್: ಡ್ವೆಲ್, ಮಿಕ್ಸರ್, ಟೋನ್. ಎರಡೇ ವರ್ಷದಲ್ಲಿ ಆ ಕರಾವಳಿ ಪೂರ್ತಿ ಒದ್ದೆ.

ಇದರಲ್ಲಿ ಡ್ವೆಲ್ ಅನ್ನೋ ನಾಬ್ ಮುಖ್ಯ. ಅದು ಸ್ಪ್ರಿಂಗನ್ನ ಎಷ್ಟು ಜೋರಾಗಿ ಅಲ್ಲಾಡಿಸ್ಬೇಕು ಅನ್ನೋದು, ಮಿಕ್ಸರ್ ಬರೀ ಎಷ್ಟು ಬೆರೆಸ್ಬೇಕು ಅನ್ನೋದು. 6ಜಿ15ರಲ್ಲಿ ಸ್ಪ್ರಿಂಗ್ ಓಡಿಸೋಕೇ ಒಂದು ಪವರ್ ಟ್ಯೂಬ್ (ಹಳೇ ರೇಡಿಯೋದಲ್ಲಿರೋ ಥರದ ಗಾಜಿನ ವಾಲ್ವ್) ಇದೆ, ಡ್ವೆಲ್ ಏರಿಸಿದ್ರೆ ಜೋರಾಗಿ ಮೀಟಿದ ಏಟಿಗೆ ಸ್ಪ್ರಿಂಗು ಕಿರುಚತ್ತೆ, ಮೆಲ್ಲಗೆ ಮೀಟಿದ್ರೆ ಸುಮ್ನಿರತ್ತೆ, ಅಂದ್ರೆ ರಿವರ್ಬ್ ನಿಮ್ಮ ಬಲಗೈ ಮಾತು ಕೇಳತ್ತೆ. ಇನ್ನೊಂದು, ಈ ಡಬ್ಬಿ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂರೋದು. 1963ರಿಂದ ಫೆಂಡರ್ ಆಂಪ್ ಒಳಗೇ ಬಂದ ರಿವರ್ಬ್ ಮೊದಲ ಹಂತ, ಟೋನ್ ನಾಬ್ ಎಲ್ಲ ದಾಟಿದ ಮೇಲೆ ಸೇರ್ಕೊಳ್ಳತ್ತೆ, ಅದು ಚೆನ್ನಾಗೇ ಇರತ್ತೆ ಆದ್ರೆ ಮೆತ್ತಗೆ, ಸಾಮಾನ್ಯವಾಗಿ ಡ್ವೆಲ್ ನಾಬ್ ಇರಲ್ಲ. ಹಾಗಾಗಿ ಪೆಡಲ್ ತಗೊಂಡ್ರೂ ಅದನ್ನ ಆಂಪಿನ ಎಫೆಕ್ಟ್ಸ್ ಲೂಪಿಗೆ (ಆಂಪಿನ ಮೊದಲ ಹಂತ ದಾಟಿದ ಮೇಲೆ ಪೆಡಲ್ ಸೇರಿಸೋ ಜಾಗ) ಹಾಕ್ಬೇಡಿ, ನೇರ ಮುಂದೆ ಹಾಕಿ, ಆಂಪ್ ಪೂರ್ತಿ ಕ್ಲೀನ್ ಇರ್ಲಿ. ಆಂಪ್ ಒಡೆದ ದನಿ ಕೊಟ್ರೆ ಸಣ್ಣದು ದೊಡ್ಡದು ಎಲ್ಲ ಒಂದೇ ಮಟ್ಟ ಆಗಿ ಹನಿ ಕೆಸರಾಗತ್ತೆ. ಡೇಲ್‌ಗೆ 15 ಇಂಚಿನ ಸ್ಪೀಕರು, ಸಾವಿರಾರು ಜನರ ಸಭಾಂಗಣ, ನಿಮಗೆ ಮನೇಲಿ 10-20 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ ಕ್ಲೀನ್ ಚಾನೆಲ್ಲಲ್ಲಿ ಧಾರಾಳ ಸಾಕು, ಟ್ಯೂಬೇ ಬೇಕು ಅಂತ ಹಟ ಬೇಡ.

ಈಗ ಯಾವುದು ತಗೋಬೇಕು. ತೀರಾ ಕಡಿಮೆ ದುಡ್ಡು ಅಂದ್ರೆ ಟಿಸಿ ಎಲೆಕ್ಟ್ರಾನಿಕ್‌ನ ಡ್ರಿಪ್ ಅನ್ನೋ ಪುಟ್ಟ ಪೆಡಲ್, ಹೆಸರೇ ಹೇಳತ್ತೆ. ಸ್ವಲ್ಪ ಮೇಲೆ ಹೋದ್ರೆ ಕ್ಯಾಟಲಿನ್‌ಬ್ರೆಡ್‌ನ ಟೊಪಾಂಗಾ, 6ಜಿ15 ಮನಸಲ್ಲಿ ಇಟ್ಕೊಂಡೇ ಮಾಡಿದ್ದು. ಸೆಕೆಂಡ್ ಹ್ಯಾಂಡಲ್ಲಿ ಬಾಸ್ ಕಂಪನಿಯ ಎಫ್‌ಆರ್‌ವಿ-1 ಕಣ್ಣಿಗೆ ಬಿದ್ರೆ ಬಿಡ್ಬೇಡಿ, ಅದು ಈಗ ತಯಾರಾಗ್ತಿಲ್ಲ. ಡ್ಯಾನ್‌ಎಲೆಕ್ಟ್ರೋದ ಸ್ಪ್ರಿಂಗ್ ಕಿಂಗ್‌ನಲ್ಲಿ ನಿಜವಾದ ಸ್ಪ್ರಿಂಗೇ ಇದೆ, ಒದ್ದರೆ ಗುಡುಗತ್ತೆ, ಖುಷಿ ಆಗತ್ತೆ, ಆದ್ರೆ ಅದರ ಸ್ಪ್ರಿಂಗು ಗಿಡ್ಡ, ಗಿಡ್ಡ ಸ್ಪ್ರಿಂಗಿನಲ್ಲಿ ಪ್ರತಿಧ್ವನಿ ಬೇಗ ಬೇಗ ಬಂದು ಡಬ್ಬಿಯೊಳಗಿಂದ ಕೇಳಿದ ಹಾಗಿರತ್ತೆ, ಅದೇ ನನಗೆ ಕೊರತೆ. ದುಡ್ಡು ಕೂಡಿಡೋಕೆ ತಾಳ್ಮೆ ಇದ್ರೆ ನನ್ನ ಓಟು ಸರ್ಫಿಬೇರ್ ಅನ್ನೋ ಬಿಡಿ ರಿವರ್ಬ್ ಯೂನಿಟ್‌ಗೆ, ಟ್ಯೂಬ್ ಬದಲು ಟ್ರಾನ್ಸಿಸ್ಟರ್, ಆದ್ರೆ ಅದೇ ಮೂರು ನಾಬು, ನಿಜವಾದ ಸ್ಪ್ರಿಂಗ್ ಟ್ಯಾಂಕು.

ಕೈಯಲ್ಲಿ ಕಾಸೇ ಇಲ್ಲ, ಕಂಪ್ಯೂಟರ್ ಇದೆ ಅನ್ನೋರೂ ನಿರಾಸೆ ಆಗ್ಬೇಡಿ. ಟ್ಯಾಂಕಿಗೆ ಒಂದು ಚಿಟಿಕೆಯಷ್ಟು ಸಿಗ್ನಲ್ ಕೊಟ್ಟು ಅದು ಕೊಡೋ ಉತ್ತರವನ್ನ ರೆಕಾರ್ಡ್ ಮಾಡಿದ ಫೈಲಿಗೆ ಇಂಪಲ್ಸ್ ರೆಸ್ಪಾನ್ಸ್ ಅಂತಾರೆ, ಅದನ್ನ ಓದೋ ಪುಕ್ಕಟೆ ಪ್ಲಗಿನ್‌ಗೆ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸೋ ಪುಟ್ಟ ಪ್ರೋಗ್ರಾಂ) ಹಾಕಿದ್ರೆ ಆ ಜಾರು ಸದ್ದು ಅಚ್ಚುಕಟ್ಟಾಗಿ ಬರತ್ತೆ. ಬರದೇ ಇರೋದು ಡ್ವೆಲ್‌ನ ಜೀವ: ಫೈಲು ಮೆಲ್ಲಗೆ ಮೀಟಿದ್ರೂ ಜೋರಾಗಿ ಮೀಟಿದ್ರೂ ಅದೇ ಅನುಪಾತದಲ್ಲಿ ಉತ್ತರ ಕೊಡತ್ತೆ, ಕಿರುಚೋಕೆ ಅದಕ್ಕೆ ಬರಲ್ಲ.

ನಮ್ಮಲ್ಲಿ ಇವನ್ನ ಖರೀದಿ ಮಾಡೋರಿಗೆ ಒಂದು ಎಚ್ಚರಿಕೆ. ಅಮೆರಿಕದಿಂದ ನೆಂಟರ ಕೈಲಿ ತರಿಸೋ ಯೂನಿಟ್ 120 ವೋಲ್ಟಿಂದು, ನಮ್ಮ ಗೋಡೆಯಲ್ಲಿ 230. ನನ್ನ ಗೆಳೆಯನೊಬ್ಬ ಖುಷಿಯಲ್ಲಿ ನೇರ ಪ್ಲಗ್ ಹಾಕಿದ, ಒಂದು ಸ್ವರ ಕೇಳೋ ಮೊದಲೇ ಸುಟ್ಟ ವಾಸನೆ ಬಂತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬೇಡಿ. ಟ್ಯೂಬ್ ಯೂನಿಟ್ ಕಿಟ್ ತಂದು ಮನೇಲೇ ಬೆಸುಗೆ ಹಾಕ್ತೀನಿ ಅನ್ನೋರಿಗೆ ಕೈಮುಗಿದು ಹೇಳ್ತೀನಿ, ಒಳಗೆ ಕೊಲ್ಲೋಷ್ಟು ವೋಲ್ಟೇಜ್ ಇರತ್ತೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಲ್ಲಿ ಉಳಿದಿರತ್ತೆ, ಗೊತ್ತಿರೋರು ಪಕ್ಕದಲ್ಲಿ ಇಲ್ಲದೆ ಬೇಡ. ಇನ್ನು ಟ್ಯಾಂಕಿನ ಕೊನೇ ಕಾಯಿಲ್ ಎಷ್ಟು ಸೂಕ್ಷ್ಮ ಅಂದ್ರೆ ಹತ್ತಿರದ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಜ್ ಗುಂಯ್ ಸದ್ದನ್ನೂ ಹಿಡಿಯತ್ತೆ. ಹಾಗಾದಾಗ ಯೂನಿಟ್ ಕೆಟ್ಟಿದೆ ಅಂದ್ಕೋಬೇಡಿ, ಟ್ಯಾಂಕನ್ನ ತಿರುಗಿಸಿ, ಒಂದಡಿ ದೂರ ಸರಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಹೋಗತ್ತೆ. ಸ್ಪೀಕರ್ ಡಬ್ಬಿ ಮೇಲಂತೂ ಇಡ್ಲೇಬೇಡಿ, ಸ್ಪೀಕರಿನ ನಡುಕ ಸ್ಪ್ರಿಂಗಿಗೆ ಹೋಗಿ ಊಳಿಡೋಕೆ ಶುರು ಆಗತ್ತೆ.

ಬದಲಿ ಟ್ಯಾಂಕ್ ಕೊಳ್ಳುವಾಗ ಮೇಲಿನ ಕೋಡ್ ಓದಿ. 6ಜಿ15 ಥರದ್ದಕ್ಕೆ ಹಾಕೋದು 4ಎಬಿ3ಸಿ1ಬಿ. ಮೊದಲ 4 ಅಂದ್ರೆ ಉದ್ದನೆಯ ಎರಡು ಸ್ಪ್ರಿಂಗಿಂದು, ಎ ಅಂದ್ರೆ ಒಳಬರೋ ಕಡೆ 8 ಓಮ್, 3 ಅಂದ್ರೆ ದೀರ್ಘ ಗುಂಗು, ಕೊನೇ ಬಿ ಅಂದ್ರೆ ತೆರೆದ ಬಾಯಿ ಕೆಳಗೆ ಮಾಡಿ ಮಲಗಿಸ್ಬೇಕು ಅಂತ. 4ರ ಪಕ್ಕದ ಆ ಎ ತಪ್ಪಿದ್ರೆ ಸದ್ದೇ ಸರಿಯಾಗಿ ಬರಲ್ಲ.

ಗಿಟಾರ್ ವಿಷಯ ಬೇಗ ಮುಗಿಸ್ತೀನಿ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ನಡುಕ ಹಿಡಿಯೋ, ಒಂದೇ ಕಾಯಿಲಿನ ಭಾಗ) ಇರೋದು ಬೇಕು, ಫೆಂಡರ್‌ನ ಅಗ್ಗದ ಬ್ರ್ಯಾಂಡ್ ಸ್ಕ್ವಾಯರ್‌ನ ಸ್ಟ್ರಾಟೋಕ್ಯಾಸ್ಟರ್ ಸಾಕು. ಫೆಂಡರ್‌ನವೇ ಆದ ಜಾಝ್‌ಮಾಸ್ಟರ್, ಜಾಗ್ವಾರ್ ನೋಡೋಕೆ ಸರ್ಫ್‌ನ ಮದುವೆ ಗಂಡುಗಳು, ನಿಜ, ಆದ್ರೆ ಡೇಲ್ ನುಡಿಸಿದ್ದು ಸ್ಟ್ರಾಟೇ. ತಂತಿ ಮಾತ್ರ ದಪ್ಪ ಹಾಕಿ, 11 ಅಥವಾ 12ರ ಸೆಟ್ಟು (ತೀರಾ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ), ತೆಳು ತಂತಿ ಜೋರಾಗಿ ಮೀಟಿದ್ರೆ ಶ್ರುತಿ ಅಲುಗತ್ತೆ. ಮಂಗಳೂರು ಉಡುಪಿ ಕಡೆಯೋರು ನುಡಿಸಿದ ಮೇಲೆ ತಂತಿ ಒರೆಸಿ ಇಡಿ, ಉಪ್ಪುಗಾಳಿಗೆ ತುಕ್ಕು ಬೇಗ.

ಕೊನೆಗೆ ಕೈ ಬಗ್ಗೆ, ಯಾಕಂದ್ರೆ ಡ್ರಿಪ್ ಕೇಳ್ಸೋದು ಬಿಡೋದು ಇಲ್ಲೇ. ಸ್ಪ್ರಿಂಗಿನ ಮೊದಲ ಉತ್ತರ 33 ಮಿಲಿಸೆಕೆಂಡ್ ಆದ ಮೇಲೆ ಬರೋದು. ಅಷ್ಟರಲ್ಲಿ ನಿಮ್ಮ ಸ್ವರ ನಿಂತಿರ್ಬೇಕು, ಇಲ್ಲಾಂದ್ರೆ ಸ್ವರದ ಗುಂಗು ಹನಿಯನ್ನ ಮುಚ್ಚಿಬಿಡತ್ತೆ. ಅದಕ್ಕೇ ಬಲ ಅಂಗೈ ಅಂಚನ್ನ ತಂತಿಗಳು ಕೂತಿರೋ ಬ್ರಿಡ್ಜ್ ಮೇಲೆ ಒರಗಿಸಿ ತಂತಿಯ ಬಾಯಿ ಕಟ್ಟೋದು, ಬ್ರಿಡ್ಜ್ ಹತ್ರದ ಪಿಕಪ್ ಹಾಕ್ಕೊಂಡು ಚುರುಕಾಗಿ ಮೀಟೋದು. ನಿಮಿಷಕ್ಕೆ 170 ಬೀಟಿನಲ್ಲಿ ಬೀಟಿಗೆ ನಾಲ್ಕು ಹೊಡೆತ ಅಂದ್ರೆ ಒಂದೊಂದಕ್ಕೆ 88 ಮಿಲಿಸೆಕೆಂಡ್ ಸಿಗತ್ತೆ. ಮೊದಲ ಹನಿ ಆ ಸಂದಿಯಲ್ಲಿ ಬೀಳತ್ತೆ, ಎರಡನೇ ಸಲ ಓಡಿ ಬರೋದು ಸುಮಾರು 99ಕ್ಕೆ, ಅಷ್ಟೊತ್ತಿಗೆ ಮುಂದಿನ ಹೊಡೆತ ಬಿದ್ದಾಗಿರತ್ತೆ.

ಅಭ್ಯಾಸಕ್ಕೆ ಏನು ನುಡಿಸ್ಬೇಕು ಅಂತ ಹುಡುಕ್ಬೇಕಾಗಿಲ್ಲ. ಡೇಲ್ 1962ರಲ್ಲಿ ಲೋಕಕ್ಕೆ ಕೇಳಿಸಿದ 'ಮಿಸಿರ್ಲೂ' ಪೂರ್ವ ಮೆಡಿಟರೇನಿಯನ್ ಕಡೆಯ ಹಳೇ ಧಾಟಿ, ಡೇಲ್ ಅವರ ತಂದೆಯ ಕಡೆಯೋರು ಲೆಬನಾನಿನವರು, ಚಿಕ್ಕಪ್ಪ ಔದ್ ಅನ್ನೋ ಅರಬ್ ತಂತಿವಾದ್ಯದ ಮೇಲೆ ನುಡಿಸ್ತಿದ್ದದ್ದು ಅವರ ಕಿವಿಯಲ್ಲಿತ್ತು. ಆ ಧಾಟಿಯ ಸ್ವರಗಳನ್ನ ಜೋಡಿಸಿ ನೋಡಿದ್ರೆ ನಮ್ಮ ಮಾಯಾಮಾಳವಗೌಳ, ಪುರಂದರದಾಸರು ಹಾಕಿಕೊಟ್ಟರು ಅಂತ ನಾವು ನಂಬೋ ಸರಳೆ ವರಸೆಯ ಅದೇ ರಾಗದ ಸ್ವರಸ್ಥಾನಗಳು. ದಪ್ಪ ತಂತಿಯನ್ನ ಖಾಲಿ ಬಿಟ್ರೆ ಸ, 1ನೇ ಫ್ರೆಟ್ ರಿ, 4 ಗ, 5 ಮ, 7 ಪ, 8 ದ, 11 ನಿ, 12 ಮೇಲಿನ ಸ. ಡ್ವೆಲ್ ಅರ್ಧದ ಮೇಲೆ ಇಡಿ, ಅಂಗೈ ಒರಗಿಸಿ, ಒಂದೇ ತಂತಿ ಮೇಲೆ ಮೊದಲನೇ ಕಾಲದಲ್ಲಿ ಶುರು ಮಾಡಿ ಎರಡಕ್ಕೆ ಹೋಗಿ, ಮೂರಕ್ಕೆ ಹೋಗಿ. ಮೂರನೇ ಕಾಲಕ್ಕೆ ಬರೋ ಹೊತ್ತಿಗೆ ಸ್ವರಗಳ ಸಂದಿಯಲ್ಲಿ ಹನಿ ಬೀಳೋಕೆ ಶುರು ಆಗಿರತ್ತೆ.