ಪದ ಪರಿಚಯ: ಹೆಲ್ಮ್ ಟೆಂಪ್ಲೇಟ್

ಬಾಡಿಗೆ ಕರಾರು ಪತ್ರ ಮಾಡಿಸಿದವರಿಗೆ ಇದು ಗೊತ್ತಿರುತ್ತದೆ. ಟೈಪ್ ಮಾಡಿಕೊಡುವವರ ಹತ್ತಿರ ಒಂದು ಫಾರ್ಮ್ಯಾಟ್ ಮೊದಲೇ ರೆಡಿ ಇರುತ್ತದೆ. ಹೆಸರು, ವಿಳಾಸ, ಅಡ್ವಾನ್ಸ್, ತಿಂಗಳ ಬಾಡಿಗೆ ಬದಲಿಸಿದರೆ ಸಾಕು, ಪ್ರಿಂಟ್ ಕೈಗೆ ಬರುತ್ತದೆ. ಆದರೆ ಎಷ್ಟೋ ಸಲ ಹಳೆಯ ಕರಾರಿನ ಮೇಲೇ ಹೊಸದನ್ನು ತಿದ್ದಿರುತ್ತಾರೆ. ಎರಡನೇ ಪುಟದಲ್ಲಿ ಹಿಂದಿನ ಬಾಡಿಗೆದಾರನ ಹೆಸರು ಹಾಗೇ ಕೂತಿರುತ್ತದೆ.

ಸಾಫ್ಟ್‌ವೇರ್ ಡಿಪ್ಲಾಯ್ ಮಾಡುವವರೂ, ಅಂದರೆ ಅದನ್ನು ಓಡುವ ಜಾಗಕ್ಕೆ ಹಾಕುವವರೂ, ಹೀಗೇ ಸಿಕ್ಕಿಬೀಳುತ್ತಾರೆ. ಕಂಪ್ಯೂಟರ್‌ಗಳ ಗುಂಪಿನಲ್ಲಿ (ಕ್ಲಸ್ಟರ್) ಆ್ಯಪ್‌ಗಳನ್ನು ಓಡಿಸುವ ಕುಬರ್ನೆಟಿಸ್ ಮೇಲೆ ಒಂದು ಆ್ಯಪ್ ಓಡಬೇಕಾದರೆ ಯಾವ ಇಮೇಜ್ (ಆ್ಯಪ್ ಅನ್ನು ಕಟ್ಟಿಟ್ಟ ಪೊಟ್ಟಣ), ಎಷ್ಟು ಪ್ರತಿ, ಎಷ್ಟು ಮೆಮೊರಿ ಎಂಬುದನ್ನೆಲ್ಲ ಯಾಮಲ್ ಎಂಬ ರೂಪದ ಸೆಟ್ಟಿಂಗ್ ಫೈಲ್‌ಗಳಲ್ಲಿ ಬರೆದುಕೊಡಬೇಕು. ಅದೇ ಆ್ಯಪ್ ಡೆವ್ (ಬರೆಯುವಾಗ ನೋಡಲು), ಸ್ಟೇಜಿಂಗ್ (ಕೊನೆಯ ಪರೀಕ್ಷೆಗೆ), ಪ್ರಾಡ್ (ಜನ ಬಳಸಲು) ಎಂಬ ಮೂರು ಕಡೆ, ಅಂದರೆ ಮೂರು ಎನ್ವಿರಾನ್‌ಮೆಂಟಿನಲ್ಲಿ, ಓಡಬೇಕು. ಫೈಲ್‌ಗಳನ್ನು ಮೂರು ಫೋಲ್ಡರ್‌ಗೆ ಕಾಪಿ ಮಾಡಿ ತಿದ್ದುತ್ತಾ ಹೋದರೆ, ಒಂದಲ್ಲ ಒಂದು ದಿನ ಪ್ರಾಡ್ ಫೈಲ್‌ನಲ್ಲಿ ಸ್ಟೇಜಿಂಗ್ ಡೇಟಾಬೇಸಿನ ವಿಳಾಸ ಉಳಿದುಬಿಡುತ್ತದೆ.

ಈ ತಾಪತ್ರಯ ತಪ್ಪಿಸುವ ಸಾಧನವೇ ಹೆಲ್ಮ್, ಹುಟ್ಟಿದ್ದು 2015ರಲ್ಲಿ. ಕುಬರ್ನೆಟಿಸ್ ಅಂದರೆ ಗ್ರೀಕ್‌ನಲ್ಲಿ ಹಡಗು ನಡೆಸುವವನು. ಹೆಲ್ಮ್ ಅಂದರೆ ಅವನ ಕೈಲಿರುವ ಚುಕ್ಕಾಣಿ. ಒಂದು ಆ್ಯಪ್‌ಗೆ ಬೇಕಾದ ಟೆಂಪ್ಲೇಟ್‌ಗಳ ಕಟ್ಟಿಗೆ ಚಾರ್ಟ್ ಅಂತ ಹೆಸರು, ಅದೂ ಹಡಗಿನವರ ನಕ್ಷೆಯೇ. ಟೆಂಪ್ಲೇಟ್‌ನಲ್ಲಿ ಬದಲಾಗುವ ಜಾಗಗಳನ್ನು ಜೋಡಿ ಪುಷ್ಪಾವರಣದೊಳಗೆ ಖಾಲಿ ಬಿಟ್ಟಿರುತ್ತಾರೆ. ಅಲ್ಲಿ ತುಂಬಬೇಕಾದದ್ದು ವ್ಯಾಲ್ಯೂಸ್ ಎಂಬ ಬೇರೆ ಫೈಲ್‌ನಲ್ಲಿರುತ್ತದೆ. ಎಲ್ಲರಿಗೂ ಸಾಮಾನ್ಯವಾದದ್ದು ಒಂದು ಫೈಲ್, ಜೊತೆಗೆ ಪ್ರತಿ ಎನ್ವಿರಾನ್‌ಮೆಂಟಿಗೆ ಒಂದೊಂದು ಚಿಕ್ಕ ಫೈಲ್.

ಟೆಂಪ್ಲೇಟ್, ವ್ಯಾಲ್ಯೂಸ್ ಎರಡನ್ನೂ ಸೇರಿಸಿ, ಖಾಲಿ ಜಾಗ ತುಂಬಿ, ಪೂರ್ತಿ ಯಾಮಲ್ ಅನ್ನು ನಿಮ್ಮ ಟರ್ಮಿನಲ್‌ನಲ್ಲಿ ತೋರಿಸುವ ಕಮಾಂಡ್ ‘ಹೆಲ್ಮ್ ಟೆಂಪ್ಲೇಟ್’. ಈ ತುಂಬುವ ಕೆಲಸಕ್ಕೆ ರೆಂಡರ್ ಮಾಡುವುದು ಅನ್ನುತ್ತಾರೆ. ಇದು ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ, ಕ್ಲಸ್ಟರ್ ಇಲ್ಲದಿದ್ದರೂ ನಡೆಯುತ್ತದೆ. ಸುಮ್ನೆ ಓದಿ ನೋಡಲಿಕ್ಕೆ. ಸಹಿ ಹಾಕುವ ಮೊದಲು ಕರಾರಿನ ಪ್ರಿಂಟ್ ಓದುತ್ತೀವಲ್ಲ, ಹಾಗೆ. ಹೆಲ್ಮ್‌ನ ಎರಡನೇ ಆವೃತ್ತಿಯಲ್ಲಿ ಡಿಪ್ಲಾಯ್ ಮಾಡುವಾಗ ಈ ರೆಂಡರ್ ಕೆಲಸ ಕ್ಲಸ್ಟರ್ ಒಳಗೆ ಟಿಲ್ಲರ್ ಎಂಬ ಪ್ರೋಗ್ರಾಂ ಮಾಡುತ್ತಿತ್ತು. 2019ರ ನವೆಂಬರ್‌ನಲ್ಲಿ ಬಂದ ಮೂರನೇ ಆವೃತ್ತಿ ಟಿಲ್ಲರ್ ಅನ್ನೇ ತೆಗೆದುಹಾಕಿತು. ಒಳ್ಳೆಯದೇ ಆಯಿತು, ಅದಕ್ಕೆ ಕೊಡಬೇಕಾಗಿದ್ದ ಅಧಿಕಾರ ಜಾಸ್ತಿಯೇ ಆಗಿತ್ತು.

ಓದಿ ನೋಡುವುದು ಯಾಕೆ ಮುಖ್ಯ ಅಂತ ನಾನು ಕಲಿತದ್ದು ಪೆಟ್ಟು ತಿಂದು. ಒಂದು ಕಡೆ ಕೆಲಸ ಮಾಡುವಾಗ ಸಾಮಾನ್ಯ ವ್ಯಾಲ್ಯೂಸ್ ಫೈಲ್‌ನಲ್ಲಿ ನಾಲ್ಕು ಸೆಟ್ಟಿಂಗ್‌ಗಳ ಒಂದು ಪಟ್ಟಿ ಇತ್ತು. ಡೇಟಾಬೇಸ್ ವಿಳಾಸವೂ ಅದರಲ್ಲೇ. ಪ್ರಾಡ್‌ಗೆ ಮಾತ್ರ ಲಾಗ್ (ಆ್ಯಪ್ ಬರೆದಿಡುವ ದಾಖಲೆ) ಕಡಿಮೆ ಮಾಡಬೇಕಿತ್ತು. ಪ್ರಾಡ್ ಫೈಲ್‌ನಲ್ಲಿ ಅದೇ ಪಟ್ಟಿಯ ಹೆಸರು ಬರೆದು ಐದನೆಯದಾಗಿ ಒಂದು ಸೆಟ್ಟಿಂಗ್ ಸೇರಿಸಿದೆ, ಅಂದುಕೊಂಡೆ. ಡಿಪ್ಲಾಯ್ ಆಯಿತು. ಪಾಡ್‌ಗಳು, ಅಂದರೆ ಓಡುತ್ತಿರುವ ಆ್ಯಪ್‌ನ ಪ್ರತಿಗಳು, ಏಳುವುದು, ಬೀಳುವುದು, ಮತ್ತೆ ಏಳುವುದು. ಆಮೇಲೆ ರೆಂಡರ್ ಮಾಡಿ ನೋಡಿದರೆ ಪಟ್ಟಿಯಲ್ಲಿ ಇದ್ದದ್ದು ಲಾಗ್ ಒಂದೇ! ಉಳಿದ ನಾಲ್ಕೂ ಮಾಯ.

ಹೆಲ್ಮ್‌ನ ನಿಯಮವೇ ಹಾಗೆ. ಎರಡು ಫೈಲ್ ಕೊಟ್ಟರೆ ನಂತರ ಕೊಟ್ಟದ್ದು ಗೆಲ್ಲುತ್ತದೆ. ಕಮಾಂಡ್ ಸಾಲಿನಲ್ಲೇ ‘ಸೆಟ್’ ಅಂತ ಕೊಟ್ಟದ್ದು ಎರಡನ್ನೂ ಮೀರುತ್ತದೆ. ಹೆಸರು ಮತ್ತು ಬೆಲೆ (ವ್ಯಾಲ್ಯೂ) ಜೋಡಿಯಾಗಿರುವ ಕಡೆ ಒಂದೊಂದೇ ಹೆಸರು ನೋಡಿ ಬೆರೆಸುತ್ತದೆ. ಪಟ್ಟಿ ಮಾತ್ರ ಬೆರೆಯುವುದಿಲ್ಲ, ಇಡೀ ಪಟ್ಟಿಯೇ ಬದಲಾಗುತ್ತದೆ. ಅವತ್ತಿನಿಂದ ಎನ್ವಿರಾನ್‌ಮೆಂಟಿಗೆ ತಕ್ಕಂತೆ ಬದಲಾಗುವ ಯಾವುದನ್ನೂ ನಾನು ಪಟ್ಟಿಯಾಗಿ ಬರೆಯುವುದಿಲ್ಲ.

ಇನ್ನೊಂದು ಮೋಸ ಯಾಮಲ್‌ದೇ. ಇಮೇಜಿನ ಟ್ಯಾಗ್, ಅಂದರೆ ಆವೃತ್ತಿಯ ಗುರುತು, ಬರೆಯುವ ಜಾಗದಲ್ಲಿ ಉದ್ಧರಣ ಚಿಹ್ನೆ ಇಲ್ಲದೆ 1.10 ಅಂತ ಬರೆಯಿರಿ. ಯಾಮಲ್ ಅದನ್ನು ದಶಮಾಂಶ ಸಂಖ್ಯೆ ಅಂತ ಓದುತ್ತದೆ. ಕೊನೆಯ ಸೊನ್ನೆಗೆ ಬೆಲೆ ಇಲ್ಲವಲ್ಲ, ರೆಂಡರ್ ಆದಾಗ 1.1 ಆಗಿರುತ್ತದೆ. ಅದು ಎಷ್ಟೋ ಹಳೆಯ ಆವೃತ್ತಿ! ಆ ಇಮೇಜ್ ಇನ್ನೂ ಇದ್ದರೆ ಯಾವ ಎರರ್ ಕೂಡ ಬರುವುದಿಲ್ಲ. ವ್ಯಾಲ್ಯೂಸ್ ಫೈಲ್‌ನಲ್ಲಿ ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಸಮಸ್ಯೆ ಮುಗಿಯಿತು.

ಇಷ್ಟೆಲ್ಲ ಬೇಡ ಅನ್ನುವವರಿಗೆ ಕಸ್ಟಮೈಸ್ ಎಂಬ ಸಾಧನ ಇದೆ, 2019ರಿಂದ ಕುಬರ್ನೆಟಿಸ್‌ನ ಕಮಾಂಡ್ ಸಾಧನ ಕುಬ್‌ಕಂಟ್ರೋಲ್ ಒಳಗೇ ಸೇರಿಕೊಂಡಿದೆ. ಅದರಲ್ಲಿ ಖಾಲಿ ಜಾಗಗಳೇ ಇಲ್ಲ. ಪೂರ್ತಿ ಯಾಮಲ್‌ನ ಮೇಲೆ ತೇಪೆ ಹಚ್ಚುವುದಷ್ಟೇ. ಇನ್ನೂ ಚಿಕ್ಕದು ಬೇಕೆಂದರೆ ಎನ್ವ್‌ಸಬ್‌ಸ್ಟ್, ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಸಾಫ್ಟ್‌ವೇರ್‌ಗಳನ್ನು ಕನ್ನಡದಂಥ ಭಾಷೆಗಳಿಗೆ ಅನುವಾದಿಸಲು ಬಳಸುವ ಗೆಟ್‌ಟೆಕ್ಸ್ಟ್ ಪ್ಯಾಕೇಜಿನ ಜೊತೆಗೇ ಅದು ಬರುತ್ತದೆ! ಆದರೆ ಬೆಲೆ ಕೊಡಲು ಮರೆತರೆ ತುಟಿ ಪಿಟಕ್ಕೆನ್ನದೆ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಹೆಲ್ಮ್ ಕೂಡ ಸಾಮಾನ್ಯವಾಗಿ ಹಾಗೇ ಮಾಡುತ್ತದೆ, ಆದರೆ ಅಲ್ಲಿ ‘ರಿಕ್ವೈರ್ಡ್’ ಅಂತ ಬರೆದಿಟ್ಟರೆ ಬೆಲೆ ಇಲ್ಲದಾಗ ಎರರ್ ಕೊಟ್ಟು ನಿಲ್ಲುತ್ತದೆ.

ನಾನೀಗ ಮಾಡುವುದು ಇಷ್ಟೇ. ಚಾರ್ಟ್ ಬದಲಿಸುವ ಮೊದಲು ಮೂರೂ ಎನ್ವಿರಾನ್‌ಮೆಂಟಿಗೆ ರೆಂಡರ್ ಮಾಡಿ ಇಟ್ಟುಕೊಳ್ಳುತ್ತೇನೆ, ಬದಲಿಸಿದ ಮೇಲೆ ಮತ್ತೊಮ್ಮೆ ಮಾಡುತ್ತೇನೆ, ಆಮೇಲೆ ಡಿಫ್, ಅಂದರೆ ಎರಡರ ನಡುವಿನ ವ್ಯತ್ಯಾಸ, ನೋಡುತ್ತೇನೆ. ಡೆವ್‌ಗೆ ಅಂತ ಮುಟ್ಟಿದ ಸಾಲು ಪ್ರಾಡ್‌ನಲ್ಲೂ ಕಾಣಿಸಿಕೊಂಡರೆ ಅಲ್ಲೇ ಗೊತ್ತಾಗುತ್ತದೆ. ಆದರೆ ಕ್ಲಸ್ಟರನ್ನು ಕೇಳಿ ಬೆಲೆ ತರುವ ‘ಲುಕಪ್’ ಚಾರ್ಟ್‌ನಲ್ಲಿದ್ದರೆ ಇಲ್ಲಿ ಅದಕ್ಕೆ ಖಾಲಿ ಉತ್ತರ ಸಿಗುತ್ತದೆ, ಅಷ್ಟು ಭಾಗವನ್ನು ನಂಬಬೇಡಿ. ಮತ್ತೆ, ರೆಂಡರ್ ಆದ ಫೈಲ್‌ಗಳನ್ನು ಕೋಡ್ ಕೂಡಿಡುವ ಗಿಟ್‌ಗೆ ಹಾಕುವ ಮುನ್ನ ಒಳಗೆ ಪಾಸ್‌ವರ್ಡ್‌ನಂಥ ಸೀಕ್ರೆಟ್ ಇದೆಯಾ ನೋಡಿಕೊಳ್ಳಿ. ಬೇಸ್64 ಎಂಬ ಬರಹ ರೂಪದಲ್ಲಿರುವ ಪಾಸ್‌ವರ್ಡ್ ವಿಚಿತ್ರವಾಗಿ ಕಾಣುತ್ತದೆ ಅಷ್ಟೇ, ಅದಕ್ಕೆ ಬೀಗ ಹಾಕಿಲ್ಲ.