ಸ್ಕೋರ್ ಸರಿ, ಕಾರಣ ತಪ್ಪು

ಕೆಲವು ವರ್ಷಗಳ ಹಿಂದೆ ಒಂದು ಸಿನಿಮಾ ಸ್ಕ್ರಿಪ್ಟ್ ನನ್ನ ಮೇಜಿಗೆ ಬಂತು. 1950ರ ದಶಕದ ಫುಟ್‌ಬಾಲ್ ಕಥೆ. ಮಧ್ಯಂತರಕ್ಕೆ ಸ್ವಲ್ಪ ಮೊದಲು ರೆಫರಿ ನಾಯಕನಿಗೆ ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳಿಸುತ್ತಾನೆ. ನಾನು ಆ ಸಾಲಿನ ಕೆಳಗೆ ಗೆರೆ ಎಳೆದೆ. ವಿಶ್ವಕಪ್‌ಗೆ ಕಾರ್ಡ್ ಬಂದಿದ್ದೇ 1970ರಲ್ಲಿ. 1966ರ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾದ ನಾಯಕ ರಟ್ಟಿನ್ ಅವರನ್ನು ರೆಫರಿ ಹೊರಗೆ ಕಳಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ರಟ್ಟಿನ್ ನಿಮಿಷಗಟ್ಟಲೆ ಕದಲಲಿಲ್ಲ. ಆಮೇಲೆ ಟ್ರಾಫಿಕ್ ಸಿಗ್ನಲ್ ನೋಡಿ ಇಂಗ್ಲೆಂಡಿನ ರೆಫರಿ ಕೆನ್ ಆಸ್ಟನ್ ಅವರಿಗೆ ಹೊಳೆದ ಉಪಾಯವೇ ಹಳದಿ, ಕೆಂಪು ಕಾರ್ಡ್.

‘ಕಾರ್ಡ್ ಇಲ್ಲದಿದ್ರೆ ಜನಕ್ಕೆ ಹೇಗೆ ಗೊತ್ತಾಗ್ಬೇಕು ಸಾರ್?’ ಅಂದರು ನಿರ್ದೇಶಕರು. ರೆಫರಿ ಹೊರಗಡೆಗೆ ಬೆರಳು ತೋರಿಸಲಿ, ಸಾಕು ಅಂದೆ. ಒಪ್ಪಿಕೊಂಡರು.

ಹಳೆಯ ಪಂದ್ಯಗಳ ವರದಿ, ಫೋಟೊ, ಉಳಿದಿರುವ ಫಿಲಂ ತುಣುಕು ಇವುಗಳನ್ನು ಮುಂದಿಟ್ಟುಕೊಂಡು ಸ್ಕ್ರಿಪ್ಟ್‌ಗಳನ್ನು ತಾಳೆ ನೋಡುವುದು ನನ್ನ ಕೆಲಸ. ‘ಸಿನಿಮಾದವರು ಜಾಸ್ತಿ ಎಡವುವುದು ಎಲ್ಲಿ?’ ಅಂತ ಕೇಳುವವರು ಬೂಟು, ಚೆಂಡು, ಜೆರ್ಸಿ ಅಂತ ಉತ್ತರ ಬರುತ್ತದೆ ಅಂದುಕೊಂಡಿರುತ್ತಾರೆ. ಅಂಥ ತಪ್ಪುಗಳು ಇರುತ್ತವೆ ನಿಜ. ಕಪ್ಪು ಬಿಳುಪು ತುಂಡುಗಳ ಚೆಂಡು ವಿಶ್ವಕಪ್‌ನಲ್ಲಿ ಕಂಡಿದ್ದು 1970ರಲ್ಲಿ. ಅದಕ್ಕೂ ಹಿಂದಿನ ಕಥೆಯಲ್ಲಿ ಅದು ಉರುಳಿ ಬಂದರೆ ನನಗೆ ನಗು ಬರುತ್ತದೆ. ಬದಲಿ ಆಟಗಾರ ವಿಶ್ವಕಪ್ ಪಂದ್ಯದೊಳಗೆ ಕಾಲಿಟ್ಟಿದ್ದೂ ಆ ವರ್ಷವೇ. ಗೋಲ್‌ಕೀಪರ್‌ಗಳ ವಿಷಯ ಇನ್ನೂ ತಮಾಷೆ. ತನ್ನ ತಂಡದವನು ಹಿಂದಕ್ಕೆ ಒದ್ದ ಚೆಂಡನ್ನು ಕೀಪರ್ ಕೈಯಲ್ಲಿ ಎತ್ತಿಕೊಳ್ಳಬಾರದು ಎಂಬ ನಿಯಮ ಬಂದಿದ್ದು 1992ರಲ್ಲಿ. ಇವತ್ತಿನ ಆಟ ಆಡಿ ಬೆಳೆದ ನಟನಿಗೆ 1950ರ ಕೀಪರ್ ವೇಷ ಹಾಕಿದರೆ, ಅಭ್ಯಾಸಬಲದಿಂದ ಕಾಲಲ್ಲೇ ಒದೆಯುತ್ತಾನೆ. ಇಂಥವನ್ನೆಲ್ಲ ಸೆಟ್‌ನಲ್ಲೇ ತಿದ್ದಬಹುದು.

ಸ್ಕೋರ್ ಅಂತೂ ತಪ್ಪುವುದೇ ಇಲ್ಲ ಅನ್ನಬಹುದು. ಯಾರು ಬೇಕಾದರೂ ಎರಡು ನಿಮಿಷದಲ್ಲಿ ತೆಗೆದು ನೋಡಬಹುದಲ್ವಾ? ‘ಯಾಕೆ ಗೆದ್ದರು, ಯಾಕೆ ಸೋತರು’ ಅನ್ನುವುದನ್ನು ಹಾಗೆ ನೋಡಲು ಆಗುವುದಿಲ್ಲ. ಸಿನಿಮಾ ಕೈಚಳಕ ತೋರಿಸುವುದು ಅಲ್ಲಿ.

ಕೀವ್ ನಗರದ ಕಥೆ ತೆಗೆದುಕೊಳ್ಳಿ. 1942ರಲ್ಲಿ ಆ ಊರು ಜರ್ಮನರ ವಶದಲ್ಲಿತ್ತು. ಡೈನಮೊ ಮತ್ತು ಲೊಕೊಮೊಟಿವ್ ತಂಡಗಳಲ್ಲಿ ಆಡಿದ್ದವರು ಒಂದು ಬ್ರೆಡ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ‘ಸ್ಟಾರ್ಟ್’ ಅಂತ ತಂಡ ಕಟ್ಟಿದರು. ಆಗಸ್ಟ್ 9ರಂದು ಫ್ಲಾಕೆಲ್ಫ್ ಎಂಬ ಜರ್ಮನ್ ತಂಡವನ್ನು 5-3ರಿಂದ ಸೋಲಿಸಿದರು. ಗೆದ್ದ ತಪ್ಪಿಗೆ ಆಟಗಾರರನ್ನು ಜೆರ್ಸಿಯಲ್ಲೇ ನಿಲ್ಲಿಸಿ ಗುಂಡಿಕ್ಕಿದರು ಎಂಬ ಕಥೆ ಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟದಲ್ಲಿ ಹಬ್ಬಿತು. ಅದರ ಮೇಲೆ ಸಿನಿಮಾಗಳು ಬಂದವು. 1961ರ ಹಂಗೇರಿಯ ಚಿತ್ರವೊಂದರ ಕೊನೆಯಲ್ಲೂ ಗುಂಡಿನ ಸದ್ದೇ. 1981ರ ‘ಎಸ್ಕೇಪ್ ಟು ವಿಕ್ಟರಿ’ ಕಥೆಯನ್ನು ಪ್ಯಾರಿಸ್‌ಗೆ ಸಾಗಿಸಿ, ಪೆಲೆ, ಬಾಬಿ ಮೂರ್, ಆರ್ಡಿಲೆಸ್ ಅವರಂಥ ನಿಜವಾದ ಆಟಗಾರರನ್ನೇ ಆಡಿಸಿ, ಕೊನೆಗೆ ಎಲ್ಲರನ್ನೂ ಜನಜಂಗುಳಿಯಲ್ಲಿ ಪಾರು ಮಾಡಿಸಿತು.

ನಡೆದದ್ದು ಎರಡೂ ಅಲ್ಲ. ಆ ಪಂದ್ಯವಾಗಿ ಒಂದು ವಾರಕ್ಕೆ, ಆಗಸ್ಟ್ 16ರಂದು, ಅದೇ ಸ್ಟಾರ್ಟ್ ತಂಡ ರುಖ್ ಎಂಬ ಇನ್ನೊಂದು ತಂಡವನ್ನು 8-0ರಿಂದ ಸೋಲಿಸಿತು. ಸತ್ತವರು ಎಂಟು ಗೋಲು ಹೊಡೆಯುವುದಿಲ್ಲವಲ್ಲ! ಆಟಗಾರರನ್ನು ಬಂಧಿಸಿದ್ದು ಅದಾದ ಮೇಲೆ. ಕೊರೊಟ್ಕಿಖ್ ಬಂಧನದಲ್ಲೇ ಸತ್ತರು. ಗೋಲ್‌ಕೀಪರ್ ಟ್ರುಸೆವಿಚ್, ಕುಜ್ಮೆಂಕೊ, ಕ್ಲಿಮೆಂಕೊ ಅವರನ್ನು ಸಿರೆಟ್ಸ್ ಶಿಬಿರದಲ್ಲಿ ಕೊಂದಿದ್ದು 1943ರ ಫೆಬ್ರವರಿಯಲ್ಲಿ, ಅಂದರೆ ಪಂದ್ಯವಾಗಿ ಆರು ತಿಂಗಳ ಮೇಲೆ. ಕೆಲವರು ಬದುಕಿ ಉಳಿದರು. ಆ ಸಾವುಗಳಿಗೆ ಪಂದ್ಯವೇ ಕಾರಣ ಅನ್ನಲು ಆಧಾರವಿಲ್ಲ. ಆದರೆ ಆರು ತಿಂಗಳ ಶಿಬಿರದ ಬದುಕನ್ನು ತೆರೆಯ ಮೇಲೆ ಹೇಗೆ ತೋರಿಸುತ್ತೀರಿ? ಗೋಲು, ಸೀಟಿ, ಗುಂಡು, ಇಷ್ಟಾದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಆ ಐದು ನಿಮಿಷವನ್ನೇ ಈಗಲೂ ಇತಿಹಾಸ ಅಂತ ನಂಬಿರುವವರು ನನಗೆ ಸಿಗುತ್ತಲೇ ಇರುತ್ತಾರೆ.

ಕಾಲವನ್ನು ಮಡಚುವುದು ಒಂದು ಬಗೆಯಾದರೆ, ಇಬ್ಬರನ್ನು ಒಬ್ಬರನ್ನಾಗಿ ಮಾಡುವುದು ಇನ್ನೊಂದು. 2020ರ ‘ದಿ ಇಂಗ್ಲಿಷ್ ಗೇಮ್’ ಸರಣಿಯಲ್ಲಿ ಆಟಗಾರ ಫರ್ಗಸ್ ಸೂಟರ್ ‘ಬ್ಲ್ಯಾಕ್‌ಬರ್ನ್’ ಎಂಬ ತಂಡಕ್ಕೆ ಆಡಿ, ಇಂಗ್ಲೆಂಡಿನ ಎಫ್ಎ ಕಪ್ ಟೂರ್ನಿಯ 1883ರ ಫೈನಲ್‌ನಲ್ಲಿ ಶ್ರೀಮಂತರ ಓಲ್ಡ್ ಎಟೋನಿಯನ್ಸ್ ತಂಡವನ್ನು ಸೋಲಿಸುತ್ತಾರೆ. ನಿಜವಾಗಿ ಸೂಟರ್ ಆಡುತ್ತಿದ್ದುದು ಬ್ಲ್ಯಾಕ್‌ಬರ್ನ್ ರೋವರ್ಸ್‌ಗೆ. ಆ ವರ್ಷ ಕಪ್ ಗೆದ್ದಿದ್ದು ಅದೇ ಊರಿನ ಬ್ಲ್ಯಾಕ್‌ಬರ್ನ್ ಒಲಿಂಪಿಕ್. ರೋವರ್ಸ್ ಜೊತೆ ಸೂಟರ್ ಕಪ್ ಗೆದ್ದಿದ್ದು ಮುಂದಿನ ವರ್ಷದಿಂದ. ಎರಡು ತಂಡ ಯಾಕೆ, ಒಂದೇ ಸಾಕು ಅಂತ ಬರೆದವರಿಗೆ ಅನ್ನಿಸಿರಬೇಕು. ನನಗೆ ಇದು ನೋವಿನ ಸಂಗತಿ. ಒಲಿಂಪಿಕ್‌ನದು ಗಿರಣಿ ಕೆಲಸಗಾರರ ತಂಡ. ಕೋಚ್ ಜ್ಯಾಕ್ ಹಂಟರ್ ಫೈನಲ್‌ಗೆ ಮೊದಲು ಹುಡುಗರನ್ನು ಬ್ಲ್ಯಾಕ್‌ಪೂಲ್‌ಗೆ ಕರೆದುಕೊಂಡು ಹೋಗಿ ತಾಲೀಮು ಮಾಡಿಸಿದ್ದರು. ಆ ಕಾಲಕ್ಕೆ ಅದು ಹೊಸದು. ಹೆಚ್ಚುವರಿ ಸಮಯದಲ್ಲಿ ಜಿಮ್ಮಿ ಕಾಸ್ಟ್ಲಿ ಹೊಡೆದ ಗೋಲಿನಿಂದ 2-1ರಲ್ಲಿ ಗೆದ್ದರು. 1889ರಲ್ಲಿ ತಂಡವೇ ಮುಚ್ಚಿಹೋಯಿತು. ಅವರ ಪರವಾಗಿ ಮಾತಾಡಲು ಈಗ ಅಭಿಮಾನಿಗಳೂ ಇಲ್ಲ. ಇದ್ದ ಒಂದೇ ಕಪ್ ಕೂಡ ಬೇರೆಯವರ ಪಾಲಾಯಿತು.

ಬದುಕಿರುವವರ ಕಥೆಯಾದರೆ ತಕರಾರು ಕೋರ್ಟ್‌ವರೆಗೂ ಹೋಗುತ್ತದೆ. ಬ್ರಯನ್ ಕ್ಲಫ್ 1974ರಲ್ಲಿ ಲೀಡ್ಸ್ ತಂಡದ ಮ್ಯಾನೇಜರ್ ಆಗಿ 44 ದಿನ ಇದ್ದರು. ಆ ದಿನಗಳ ಕಥೆ 2009ರ ‘ದಿ ಡ್ಯಾಮ್ಡ್ ಯುನೈಟೆಡ್’. ಮೈಕಲ್ ಶೀನ್ ಅಭಿನಯ ಅದ್ಭುತ, ನಾನೇ ಮೂರು ಸಲ ನೋಡಿದ್ದೇನೆ. ಆದರೆ ಕ್ಲಫ್ ಅವರ ಹಿಂದಿನ ತಂಡ ಡರ್ಬಿಯಲ್ಲಿ ಆಡಿದ್ದ ಡೇವ್ ಮೆಕೇ 1973ರಲ್ಲೂ ಅಲ್ಲೇ ಇದ್ದರು ಎಂಬಂತೆ ಅದು ತೋರಿಸಿತು. ಅವರು ಆಗ ನಾಟಿಂಗ್‌ಹ್ಯಾಂ ಫಾರೆಸ್ಟ್ ಮ್ಯಾನೇಜರ್. ಕ್ಲಫ್ ಬಿಟ್ಟ ಜಾಗಕ್ಕೆ ಅಲ್ಲಿಂದಲೇ ಡರ್ಬಿಗೆ ಬಂದರು. ಅವರು ಕೇಸ್ ಹಾಕಿದರು, ಚಿತ್ರದವರು ಕ್ಷಮೆ ಕೇಳಬೇಕಾಯಿತು. ಒಬ್ಬ ಮನುಷ್ಯ ಯಾವ ಊರಲ್ಲಿದ್ದ ಅನ್ನುವುದು ಸಣ್ಣ ವಿಷಯ ಅನ್ನಿಸಬಹುದು. ಆ ಮನುಷ್ಯನಿಗೆ ಅದು ಸಣ್ಣದಲ್ಲ.

ಕೆಲವೊಮ್ಮೆ ನಾನೇ ಪೆಚ್ಚಾಗುವುದೂ ಉಂಟು. ಭಾರತ ತಂಡದ ಕಥೆ ಹೇಳುವ 2024ರ ‘ಮೈದಾನ್’ ಚಿತ್ರ ನೋಡಿ ಬಂದ ಗೆಳೆಯರೊಬ್ಬರು ‘ಆ ಜಕಾರ್ತಾ ಜನರ ಕೂಗಾಟ ಸ್ವಲ್ಪ ಅತಿಯಾಯ್ತು’ ಅಂದರು. ಅದು ಅತಿಯೇನಲ್ಲ. ಜಕಾರ್ತಾದಲ್ಲಿ ನಡೆದ 1962ರ ಏಷ್ಯನ್ ಕ್ರೀಡಾಕೂಟಕ್ಕೆ ಇಸ್ರೇಲ್ ಮತ್ತು ತೈವಾನ್ ಅನ್ನು ಬಿಟ್ಟುಕೊಳ್ಳದಿದ್ದುದಕ್ಕೆ ಭಾರತದ ಕ್ರೀಡಾ ಅಧಿಕಾರಿ ಜಿ. ಡಿ. ಸೋಂಧಿ ಆಕ್ಷೇಪಿಸಿದ್ದರು. ಅದಕ್ಕೆ ಊರಿಗೆ ಊರೇ ಭಾರತದವರ ಮೇಲೆ ತಿರುಗಿಬಿದ್ದಿತ್ತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಕೋಚ್ ರಹೀಂ ಫಾರ್ವರ್ಡ್ ಆಗಿ ಆಡಿಸಿದ್ದೂ, ಅವರು ಫೈನಲ್‌ನಲ್ಲಿ ಗೋಲು ಹೊಡೆದಿದ್ದೂ ನಿಜ. ರಹೀಂ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದು ಮರುವರ್ಷ, 1963ರ ಜೂನ್‌ನಲ್ಲಿ. ಸ್ಕ್ರಿಪ್ಟ್‌ನಲ್ಲಿ ಮಾತ್ರ ಓದಿದ್ದರೆ ಇಷ್ಟೂ ಕಡೆ ನಾನು ಗೆರೆ ಎಳೆಯುತ್ತಿದ್ದೆನೇನೋ.

1954ರ ವಿಶ್ವಕಪ್ ಫೈನಲ್ ಬಗ್ಗೆ ಜರ್ಮನರು ತೆಗೆದ ‘ಬರ್ನ್‌ನ ಪವಾಡ’ ನನಗೆ ಇಷ್ಟ. ಹಂಗೇರಿ ಎಂಟು ನಿಮಿಷದಲ್ಲಿ ಎರಡು ಗೋಲು ಹೊಡೆದದ್ದು, ಜರ್ಮನಿ 3-2ರಿಂದ ತಿರುಗಿ ಗೆದ್ದದ್ದು, ಮಳೆ, ಎಲ್ಲ ಇದ್ದ ಹಾಗೇ ಇದೆ. ಕಲ್ಪನೆಯನ್ನೆಲ್ಲ ಒಬ್ಬ ಹುಡುಗ ಮತ್ತು ಅವನ ಅಪ್ಪನ ಮೇಲೆ ಹೊರಿಸಿದ್ದಾರೆ. ಹುಡುಗ ಮೈದಾನ ತಲುಪಿದ ಮೇಲೆಯೇ ಜರ್ಮನಿಯ ರಾನ್ ಗೆಲುವಿನ ಗೋಲು ಹೊಡೆಯುತ್ತಾರೆ. ಇರಲಿ ಬಿಡಿ, ಅದನ್ನು ಯಾರೂ ಇತಿಹಾಸ ಅಂದುಕೊಳ್ಳುವುದಿಲ್ಲ.

ನನಗೆ ತಡೆಯಲಾಗದ ಸಿಟ್ಟು ಬಂದಿದ್ದು ಒಂದೇ ಚಿತ್ರದ ಮೇಲೆ. 1950ರ ವಿಶ್ವಕಪ್‌ನಲ್ಲಿ, ಬ್ರೆಜಿಲ್‌ನ ಬೆಲೊ ಹೊರಿಜೊಂಟೆಯಲ್ಲಿ, ಅಮೆರಿಕ ಇಂಗ್ಲೆಂಡನ್ನು 1-0ರಿಂದ ಸೋಲಿಸಿತು. 2005ರಲ್ಲಿ ಅದು ‘ದಿ ಗೇಮ್ ಆಫ್ ದೇರ್ ಲೈವ್ಸ್’ ಆಗಿ ಬಂತು. ಅದರಲ್ಲಿ ಇಂಗ್ಲೆಂಡ್ ನಾಯಕ ಸ್ಟ್ಯಾನ್ ಮಾರ್ಟೆನ್ಸನ್. ನಿಜವಾದ ನಾಯಕ ಬಿಲ್ಲಿ ರೈಟ್. ಇದನ್ನು ಕ್ಷಮಿಸಬಹುದು. ಅಮೆರಿಕದ ಪರ ಗೋಲು ಹೊಡೆದ ಜೋ ಗೇಟ್ಜೆನ್ಸ್ ಹೈಟಿ ದೇಶದವರು. ಹೈಟಿಯವರು ಅಂದ ಮಾತ್ರಕ್ಕೆ ಅವರನ್ನು ಸುಮ್ನೆ ವೂಡೂ ಎಂಬ ಅಲ್ಲಿನ ಧರ್ಮ ಆಚರಿಸುವವರನ್ನಾಗಿ ಮಾಡಿಬಿಟ್ಟರು. ಮನೆಯವರು ಇದನ್ನು ವಿರೋಧಿಸಿದರು.

ಆ ಪಂದ್ಯ ಮುಗಿದಾಗ ತೆಗೆದ ಫೋಟೊ ಒಂದಿದೆ. ಬ್ರೆಜಿಲ್‌ನ ಜನ ಗೇಟ್ಜೆನ್ಸ್ ಅವರನ್ನು ಹೆಗಲ ಮೇಲೆ ಹೊತ್ತಿದ್ದಾರೆ, ಅವರು ನಗುತ್ತಿದ್ದಾರೆ. ಮುಂದೆ ಅವರು ಹೈಟಿಗೆ ಮರಳಿದರು. ಅವರಿಗೆ ರಾಜಕೀಯದ ಗೊಡವೆ ಇರಲಿಲ್ಲ, ಮನೆಯ ಕೆಲವರು ಸರ್ವಾಧಿಕಾರಿ ಡುವಲಿಯೆ ವಿರೋಧಿಗಳ ಕಡೆ ಇದ್ದರು. 1964ರ ಜುಲೈ 8ರಂದು ರಹಸ್ಯ ಪೊಲೀಸರು ಬಂದು ಅವರನ್ನು ಕರೆದುಕೊಂಡು ಹೋದರು. ಆಮೇಲೆ ಮನೆಯವರು ಅವರನ್ನು ನೋಡಲೇ ಇಲ್ಲ.